ಮದ್ದೂರಿನಿಂದ ಹೆಬ್ಬಾಳಕ್ಕೆ, ಕರಿಯನ ಜೊತೆ

ಬೆಂಗಳೂರು ನೋಡಲು ಹೊರಟ ಮಕ್ಕಳ ಪಟ್ಟಿಯಲ್ಲಿ ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಧಾನಸೌಧ, ನೆಹರೂ ತಾರಾಲಯ ಇದ್ದೇ ಇರುತ್ತವೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಅಲ್ಲಿಗೆ ಜನ ಹೋಗುವುದು ನೋಡಲಿಕ್ಕಲ್ಲ, ತೋರಿಸಲಿಕ್ಕೆ.

ಈ ಕಾಲೇಜು 1958ರಲ್ಲಿ ಮೈಸೂರು ಪಶುವೈದ್ಯಕೀಯ ಕಾಲೇಜು ಎಂಬ ಹೆಸರಿನಲ್ಲಿ ಶುರುವಾಯಿತು. ಆಗ ನಮ್ಮ ರಾಜ್ಯದ ಹೆಸರೂ ಮೈಸೂರು ಎಂದೇ ಇತ್ತು. ಈಗ ಇದು ಬೀದರಿನಲ್ಲಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹೊರಗೆ ಬಳ್ಳಾರಿ ರಸ್ತೆಯಲ್ಲಿ ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳ ಸದ್ದು. ಒಳಗೆ ಕಾಲಿಟ್ಟರೆ ದೊಡ್ಡ ದೊಡ್ಡ ಮರಗಳ ನೆರಳು. ಆ ನೆರಳಿನಲ್ಲಿ ಹಸು, ಮೇಕೆ, ನಾಯಿ, ಬೆಕ್ಕು ಎಲ್ಲವೂ ತಮ್ಮ ಸರದಿಗಾಗಿ ಕಾಯುತ್ತಿರುತ್ತವೆ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು 2018ರ ದಸರಾ ರಜೆಯಲ್ಲಿ, ನಮ್ಮ ಕರಿಯನನ್ನು ಕರೆದುಕೊಂಡು.

ಕರಿಯ ಯಾವ ಜಾತಿಯ ನಾಯಿ ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತಿದ್ದ ಉತ್ತರ ಒಂದೇ: "ಮದ್ದೂರು ಜಾತಿ." ಬೀದಿಯಲ್ಲಿ ಹುಟ್ಟಿ, ಮಳೆಗೆ ನೆನೆಯುತ್ತಾ ನಮ್ಮ ಮೆಟ್ಟಿಲ ಮೇಲೆ ಬಂದು ಕೂತ ಮರಿ. ಹನ್ನೆರಡು ವರ್ಷವಾದರೂ ಮೆಟ್ಟಿಲು ಬಿಟ್ಟಿರಲಿಲ್ಲ. ಆ ರಜೆಗೆ ಬೆಂಗಳೂರಿನಿಂದ ಬಂದಿದ್ದ ಹತ್ತು ವರ್ಷದ ಮೊಮ್ಮಗ ಅವನ ಕತ್ತು ಕೆರೆಯುತ್ತಾ ಕೂತಿದ್ದವನು, "ತಾತಾ, ಕರಿಯನ ಗದ್ದದ ಕೆಳಗೆ ಎರಡು ನಿಂಬೆಹಣ್ಣು ಇದೆ" ಎಂದು ಕೂಗಿದ. ಊರಿನ ಪಶುವೈದ್ಯರು ಮುಟ್ಟಿ ನೋಡಿದರು. ಹೆಗಲ ಮುಂದೆ, ಹಿಂಗಾಲಿನ ಮೊಣಕಾಲ ಹಿಂದೆ ಕೂಡ ಅಂಥದೇ ಗಂಟುಗಳಿದ್ದವು. ಮುಟ್ಟಿದರೆ ನೋವಿಲ್ಲ. "ಹೆಬ್ಬಾಳಕ್ಕೆ ಹೋಗಿ ಸೂಜಿ ಹಾಕಿಸಿ ಪರೀಕ್ಷೆ ಮಾಡಿಸಿಬಿಡಿ ಸಾರ್, ತಡ ಮಾಡಬೇಡಿ" ಎಂದರು.

ಮಗ ಕಾರು ತೆಗೆದ. ಆಗಿನ್ನೂ ಎಕ್ಸ್‌ಪ್ರೆಸ್‌ವೇ ಆಗಿರಲಿಲ್ಲ. ಹಳೆಯ ಹೆದ್ದಾರಿ ಪ್ರತಿ ಊರಿನೊಳಗೂ ನುಗ್ಗಿ ಹೋಗುತ್ತಿತ್ತು. ಮದ್ದೂರು ಬಿಡುವ ಮೊದಲು ವಡೆ ಕಟ್ಟಿಸಿಕೊಂಡೆವು. ಮೊಮ್ಮಗ ಒಂದು ತುಂಡು ಕರಿಯನಿಗೆ ಕೊಡಲು ಹೋದಾಗ ಅವನ ಅಪ್ಪ ತಡೆದ. ಮದ್ದೂರು ವಡೆಯ ಜೀವವೇ ಈರುಳ್ಳಿ. ಆದರೆ ಈರುಳ್ಳಿ ನಾಯಿಗಳಿಗೆ ವಿಷ, ಅವುಗಳ ಕೆಂಪು ರಕ್ತಕಣಗಳನ್ನು ಒಡೆದು ಹಾಕುತ್ತದೆ. ಬೇಯಿಸಿದರೂ ಕರಿದರೂ ಆ ಗುಣ ಹೋಗುವುದಿಲ್ಲ.

ಚನ್ನಪಟ್ಟಣದಲ್ಲಿ ರಸ್ತೆಯ ಎರಡೂ ಕಡೆ ಗೊಂಬೆ ಅಂಗಡಿಗಳು. ಹಾಲೆ ಮರದ ಹಗುರ ಕಟ್ಟಿಗೆಗೆ ಅರಗಿನ ಬಣ್ಣ ಹಾಕಿ ಮಾಡಿದ ಕುದುರೆ, ಬುಗುರಿ, ತಲೆಯಾಡಿಸುವ ಗೊಂಬೆಗಳು. ಕರಿಯನಿಗೆ ಇದಾವುದೂ ಕಾಣಿಸಲಿಲ್ಲ. ಅವನು ಜೀವಮಾನದಲ್ಲಿ ಕಾರು ಹತ್ತಿದವನಲ್ಲ. ಸೀಟಿನ ಕೆಳಗೆ ತಲೆ ತೂರಿಸಿ ಮೈಯೆಲ್ಲ ನಡುಗಿಸುತ್ತಾ ಜೊಲ್ಲು ಸುರಿಸುತ್ತಿದ್ದ. ರಾಮನಗರ ಬರುವಷ್ಟರಲ್ಲಿ ವಾಂತಿ ಮಾಡಿಕೊಂಡ.

ಕಾರು ನಿಲ್ಲಿಸಿ ಸೀಟು ಒರೆಸುವಾಗ ರಾಮದೇವರ ಬೆಟ್ಟ ಎದುರಿಗೇ ಕಾಣುತ್ತಿತ್ತು. 'ಶೋಲೆ' ಸಿನಿಮಾ ತೆಗೆದದ್ದು ಈ ಬಂಡೆಗಳ ನಡುವೆ ಎಂದು ದೊಡ್ಡವರಿಗೆಲ್ಲ ಗೊತ್ತು. ಮಕ್ಕಳಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿಯಿದೆ. ಆ ಬೆಟ್ಟದ ಬಂಡೆಯ ಸಂದುಗಳಲ್ಲಿ ರಣಹದ್ದುಗಳು ಗೂಡು ಕಟ್ಟುತ್ತವೆ. 2012ರಲ್ಲಿ ಅದನ್ನು ರಣಹದ್ದು ಧಾಮ ಎಂದು ಸರ್ಕಾರ ಘೋಷಿಸಿತು. ದೇಶದಲ್ಲೆಲ್ಲ ರಣಹದ್ದುಗಳು ಅಳಿದುಹೋಗಲು ಮುಖ್ಯ ಕಾರಣ ಒಂದು ಔಷಧಿ. ದನಗಳ ನೋವಿಗೆ ಡೈಕ್ಲೋಫಿನಾಕ್ ಕೊಡುತ್ತಿದ್ದರು. ಅಂಥ ದನ ಸತ್ತ ಮೇಲೆ ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು ಅವೂ ಸತ್ತವು. 2006ರಲ್ಲಿ ಪ್ರಾಣಿಗಳಿಗೆ ಆ ಔಷಧಿ ಕೊಡುವುದನ್ನು ನಮ್ಮ ದೇಶ ನಿಷೇಧಿಸಿತು. ಇದನ್ನೆಲ್ಲ ಹೇಳಿದಾಗ ಮೊಮ್ಮಗ ಕೇಳಿದ: "ಹಾಗಾದರೆ ಔಷಧಿ ಒಳ್ಳೆಯದೋ ಕೆಟ್ಟದ್ದೋ ತಾತಾ?" ಯಾರಿಗೆ, ಯಾವಾಗ, ಎಷ್ಟು ಎಂದು ಕೇಳದೆ ಅದನ್ನು ಹೇಳಲಾಗದು ಎಂದೆ. ಮುಂದೆ ಒಂದು ವಾರವಿಡೀ ಇದೇ ಪ್ರಶ್ನೆ ನಮ್ಮ ಮನೆಯೊಳಗೆ ಓಡಾಡಿತು.

ಕೆಂಗೇರಿ ದಾಟಿ, ಹೊರವರ್ತುಲ ರಸ್ತೆ ಹಿಡಿದು, ಇನ್ನೊಂದು ಸಲ ವಾಂತಿಗೆ ನಿಲ್ಲಿಸಿ, ಹೆಬ್ಬಾಳ ಮುಟ್ಟುವಾಗ ಮೂರು ತಾಸು ಮೀರಿತ್ತು. ಚೀಟಿ ಮಾಡಿಸಿ ಮರದ ಕೆಳಗೆ ಕೂತೆವು. ನಮ್ಮ ಪಕ್ಕದಲ್ಲಿ ಹೊನ್ನಿನ ಬಣ್ಣದ ಉದ್ದ ಕೂದಲಿನ ನಾಯಿಯೊಂದು ಬಾಲ ಆಡಿಸುತ್ತಾ, ಬಿಳಿ ಕೋಟು ಹಾಕಿಕೊಂಡು ಹೋಗುವ ವಿದ್ಯಾರ್ಥಿಗಳನ್ನೆಲ್ಲ ಮಾತಾಡಿಸುತ್ತಿತ್ತು. ಅದಕ್ಕೂ ಕ್ಯಾನ್ಸರ್ ಅಂತೆ. ಕೀಮೋ ಕೊಡಿಸುತ್ತಾ ಏಳನೆಯ ವಾರವಂತೆ. "ಮನೆ ಇಲ್ಲೇ ಹತ್ತಿರ. ಇವಳಿಗೆ ಇಲ್ಲಿಗೆ ಬರೋದು ಅಂದರೆ ಜಾತ್ರೆ ಇದ್ದ ಹಾಗೆ" ಎಂದರು ಅದರ ಯಜಮಾನಿ. ಕೀಮೋ ಎಂದರೆ ಕೂದಲು ಉದುರುತ್ತದೆ ಎಂದು ನಾನು ತಿಳಿದಿದ್ದೆ. ಬಹಳಷ್ಟು ನಾಯಿಗಳಿಗೆ ಹಾಗಾಗುವುದಿಲ್ಲವಂತೆ. ಕೂದಲು ಬೆಳೆಯುತ್ತಲೇ ಇರುವ ಕೆಲವು ತಳಿಗಳಿಗೆ ಮಾತ್ರ ಆ ತೊಂದರೆ ಹೆಚ್ಚು.

ವೈದ್ಯರು ಗಂಟಿಗೆ ಸಣ್ಣ ಸೂಜಿ ಚುಚ್ಚಿ ತೆಗೆದ ಹನಿಯನ್ನು ಗಾಜಿನ ಮೇಲೆ ಸವರಿ ಬಣ್ಣ ಹಾಕಿದರು. ಒಬ್ಬ ವಿದ್ಯಾರ್ಥಿನಿ ಮೊಮ್ಮಗನಿಗೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ನೇರಳೆ ಬಣ್ಣದ ದುಂಡು ದುಂಡು ಕಣಗಳು, ರಾಗಿ ಚೆಲ್ಲಿದ ಹಾಗೆ. ನಮ್ಮ ಮೈಯಲ್ಲಿ ರೋಗದ ವಿರುದ್ಧ ಹೋರಾಡುವ ಸೈನಿಕರಂಥ ಬಿಳಿ ರಕ್ತಕಣಗಳಿವೆ. ಅವುಗಳಲ್ಲಿ ಒಂದು ಬಗೆಯ ಕಣಗಳು ಯಾರ ಮಾತೂ ಕೇಳದೆ ಬೆಳೆಯುತ್ತಾ ಹೋದರೆ ಅದೇ ಲಿಂಫೋಮಾ ಎಂಬ ಕ್ಯಾನ್ಸರ್. ಕರಿಯನಿಗೆ ಬಂದದ್ದು ಅದು. ಮೈತುಂಬ ಹರಡುವ ಕಾಯಿಲೆಯಾದ್ದರಿಂದ ಗಂಟು ಕತ್ತರಿಸಿ ತೆಗೆದರೆ ಮುಗಿಯುವುದಿಲ್ಲ.

ವೈದ್ಯರು ಅವಸರ ಮಾಡದೆ ಕೂತು ವಿವರಿಸಿದರು. ದಾರಿಗಳು ಮೂರು. ಏನೂ ಮಾಡದಿದ್ದರೆ ಸಾಮಾನ್ಯವಾಗಿ ಒಂದೆರಡು ತಿಂಗಳು. ಕೀಮೋ ಕೊಡಿಸಿದರೆ ಹೆಚ್ಚಿನ ನಾಯಿಗಳ ಗಂಟು ಕರಗುತ್ತದೆ, ಸರಾಸರಿ ಒಂದು ವರ್ಷದ ಆಸುಪಾಸು ಬದುಕುತ್ತವೆ, ಕೆಲವು ಇನ್ನೂ ಹೆಚ್ಚು. ಆದರೆ ಕಾಯಿಲೆ ಬಹುತೇಕ ಮರಳಿ ಬರುತ್ತದೆ. ಮನುಷ್ಯರಿಗೆ ಕಾಯಿಲೆಯನ್ನು ಬೇರು ಸಮೇತ ಕಿತ್ತುಹಾಕಲೆಂದು ಬಲವಾದ ಕೀಮೋ ಕೊಡುತ್ತಾರೆ. ನಾಯಿಗಳಿಗೆ ಕೊಡುವುದು ಚೆನ್ನಾಗಿರುವ ದಿನಗಳನ್ನು ಹೆಚ್ಚಿಸಲೆಂದು, ಅದಕ್ಕೇ ಪ್ರಮಾಣ ಕಡಿಮೆ, ಸಂಕಟವೂ ಕಡಿಮೆ. ಮೂರನೆಯದು ಪ್ರೆಡ್ನಿಸೊಲೋನ್ ಎಂಬ ಮಾತ್ರೆ ಮಾತ್ರ. ಒಂದರಿಂದ ಮೂರು ತಿಂಗಳು ಹಸಿವು, ಲವಲವಿಕೆ ಚೆನ್ನಾಗಿರುತ್ತದೆ. ನೀರು ಜಾಸ್ತಿ ಕುಡಿಯುತ್ತವೆ, ಮೂತ್ರಕ್ಕೆ ಪದೇ ಪದೇ ಹೋಗುತ್ತವೆ.

"ಮೊದಲು ಮಾತ್ರೆ ಕೊಟ್ಟು ನೋಡೋಣ, ಆಮೇಲೆ ಬೇಕಾದರೆ ಕೀಮೋ ಅಂದರೆ ಆಗುವುದಿಲ್ಲ" ಎಂದರು. "ಮಾತ್ರೆ ಶುರುವಾದ ಮೇಲೆ ಕೀಮೋ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಅದಕ್ಕೇ ಮನೆಯಲ್ಲಿ ಮಾತಾಡಿ ಮೊದಲೇ ತೀರ್ಮಾನ ಮಾಡಿ. ನಾಲ್ಕೈದು ದಿನ ಸಮಯ ಇದೆ."

ಕೀಮೋ ಎಂದರೆ ಮೊದಮೊದಲು ವಾರಕ್ಕೊಮ್ಮೆ, ಒಟ್ಟು ಸುಮಾರು ಹದಿನಾರು ಸಲ ಆಸ್ಪತ್ರೆ. ಪ್ರತಿ ಸಲ ರಕ್ತ ಪರೀಕ್ಷೆ. ಔಷಧಿ ಕೊಟ್ಟ ಮೇಲೆ ಕೆಲವು ದಿನ ನಾಯಿಯ ಮಲಮೂತ್ರವನ್ನು ಗವಸು ಹಾಕಿಕೊಂಡೇ ತೆಗೆಯಬೇಕು, ಮಕ್ಕಳು ಮುಟ್ಟಬಾರದು. ಖರ್ಚಿನ ಅಂದಾಜನ್ನೂ ಕೊಟ್ಟರು. ನಿವೃತ್ತಿ ವೇತನದಲ್ಲಿ ತೂಗಿಸಬಹುದಾದ ಮೊತ್ತವೇ. "ದುಡ್ಡಿಲ್ಲ ಅಂತ ಬೇಡ ಅನ್ನುವವರೂ ಇಲ್ಲಿಗೆ ಬರುತ್ತಾರೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ" ಎಂದು ಅವರು ಹೇಳಿದ ಮಾತು ನನಗೆ ಹಿಡಿಸಿತು.

ವಾಪಸು ಹೊರಡುವ ಮೊದಲು ಕರಿಯನಿಗೆ ಸ್ವಲ್ಪ ಹೊತ್ತು ನೆಲದ ಮೇಲೆ ಮಲಗಲು ಬಿಡಿ ಎಂದಿದ್ದರು. ಮೇಖ್ರಿ ಸರ್ಕಲ್ ದಾಟಿ ಕಬ್ಬನ್ ಪಾರ್ಕಿಗೆ ಬಂದೆವು. ಮಗ ಕರಿಯನ ಹಗ್ಗ ಹಿಡಿದು ಮರದ ಕೆಳಗೆ ಕೂತ. ನಾನು ಮೊಮ್ಮಗನನ್ನು ಕರೆದುಕೊಂಡು ಪಕ್ಕದ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ನಡೆದೆ. ಕೆಂಪು ಬಣ್ಣದ ಆ ಕಟ್ಟಡದಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಒಂದು ಕಲ್ಲಿದೆ. ಬಹಳ ದಿನದಿಂದ ಅದನ್ನು ಅವನಿಗೆ ತೋರಿಸಬೇಕೆಂದಿದ್ದೆ.

ಅದು ಆತಕೂರಿನ ವೀರಗಲ್ಲು. ಕಲ್ಲಿನ ಮೇಲೆ ನಾಯಿಯೂ ಕಾಡುಹಂದಿಯೂ ಕಾದಾಡುವ ಚಿತ್ರ, ಸುತ್ತ ಹಳಗನ್ನಡದ ಬರಹ. ಕ್ರಿ.ಶ. 949-50ರ ಶಾಸನ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳರ ಮೇಲೆ ಹೋರಾಡಿದ. ಬೂತುಗನ ಕಡೆ ಮಣಲೆರ ಎಂಬ ವೀರನಿದ್ದ. ಅವನ ಪರಾಕ್ರಮಕ್ಕೆ ಮೆಚ್ಚಿ ದೊರೆ, ಏನು ಬೇಕೋ ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು, ಎರಡೂ ಸತ್ತವು. ಆತಕೂರಿನ ದೇವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟರು. ಸಾವಿರ ವರ್ಷಕ್ಕೂ ಹಿಂದೆ, ನಮ್ಮ ತಾಲ್ಲೂಕಿನಲ್ಲಿ, ಒಂದು ನಾಯಿಗೆ!

"ಕಾಳಿ, ಕರಿಯ. ಎರಡೂ ಕಪ್ಪೇ ಅಲ್ವಾ ತಾತಾ?" ಎಂದ ಮೊಮ್ಮಗ. ಸ್ವಲ್ಪ ಹೊತ್ತು ಬಿಟ್ಟು, "ಕಾಳಿಗೆ ಎಷ್ಟು ವರ್ಷ ಆಗಿತ್ತು?" ಎಂದ. ಅದನ್ನು ಕಲ್ಲಿನ ಮೇಲೆ ಬರೆದಿಲ್ಲ ಮಗೂ ಎಂದೆ. ಯಾರ ನಾಯಿ, ಏನು ಮಾಡಿತು ಎಂದಿದೆ. ಎಷ್ಟು ಕಾಲ ಬಾಳಿತು ಎಂದಿಲ್ಲ.

ಊರಿಗೆ ಬಂದ ಮೇಲೆ ಮಾತು ಶುರುವಾಯಿತು. ಮಗ, ಕರಿಯನನ್ನು ಆರು ತಿಂಗಳು ತನ್ನ ಫ್ಲ್ಯಾಟಿನಲ್ಲಿ ಇಟ್ಟುಕೊಂಡು ಕೀಮೋ ಕೊಡಿಸುತ್ತೇನೆ ಎಂದ. ಅವನು ಬಾಯಿಮಾತಿಗೆ ಹೇಳುವವನಲ್ಲ. ಮೊಮ್ಮಗನಂತೂ ಕರಿಯನ ಹಾಸಿಗೆ ಎಲ್ಲಿ ಎಂದೂ ಗೊತ್ತು ಮಾಡಿದ್ದ. "ಒಂದು ವರ್ಷ ಅಂದರೆ ನಾಯಿಗೆ ಏಳು ವರ್ಷ ತಾತಾ. ಏಳು ವರ್ಷ ಜಾಸ್ತಿ ಸಿಗುತ್ತೆ!" ಎಂದ.

ಲೆಕ್ಕವನ್ನು ಅರ್ಧಕ್ಕೆ ನಿಲ್ಲಿಸಬಾರದಲ್ಲ. "ಹಾಗಾದರೆ ಚಿಕಿತ್ಸೆಯ ಆರು ತಿಂಗಳು ಅವನಿಗೆ ಮೂರೂವರೆ ವರ್ಷ ಆಯಿತು. ಅದನ್ನೂ ಸೇರಿಸು" ಎಂದೆ. ಮದ್ದೂರಿನಿಂದಲೇ ಓಡಾಡಿಸೋಣವೆಂದರೆ ಹೋಗಿಬರಲು ಸುಮಾರು 180 ಕಿಲೋಮೀಟರ್. ಹದಿನಾರು ಸಲಕ್ಕೆ 2,880 ಕಿಲೋಮೀಟರ್. ಬೆಂಗಳೂರಿನಿಂದ ದಿಲ್ಲಿಗೆ ರಸ್ತೆಯಲ್ಲಿ ಹೋದರೂ ಅಷ್ಟಾಗುವುದಿಲ್ಲ. ಅಷ್ಟು ದೂರವನ್ನೂ ಕರಿಯ ಸೀಟಿನ ಕೆಳಗೆ ತಲೆ ತೂರಿಸಿ ನಡುಗುತ್ತಾ ಹೋಗಬೇಕು.

ನಮ್ಮ ಮನೆಯವಳು ಅಷ್ಟು ಹೊತ್ತು ಸುಮ್ಮನೆ ಅವರೆಕಾಯಿ ಬಿಡಿಸುತ್ತಿದ್ದಳು. "ಅಲ್ಲ ಕಣ್ರೀ, ಏಳನೇ ಮಹಡೀಲಿ ಅವನು ಯಾರಿಗೆ ಬೊಗಳಬೇಕು?" ಎಂದಳು.

ನಮಗೆ ನಗು ಬಂತು. ಆದರೆ ಕರಿಯನ ದಿನಚರಿ ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಬೆಳಿಗ್ಗೆ ಹಾಲಿನವನ ಬೈಕಿಗೆ ಬೊಗಳುವುದು. ಹೊಂಗೆ ಮರದ ಬುಡದಲ್ಲಿ ಬಿಸಿಲು ಕಾಯುವುದು. ಮಧ್ಯಾಹ್ನ ಸಾರಿನಲ್ಲಿ ಕಿವುಚಿದ ಮುದ್ದೆ. ಸಂಜೆ ನನ್ನ ಜೊತೆ ಅಂಗಡಿಯವರೆಗೆ ನಡಿಗೆ. ರಾತ್ರಿ ಹೊಸ್ತಿಲಿಗೆ ಬೆನ್ನು ಕೊಟ್ಟು ನಿದ್ದೆ. ಈ ಐದರಲ್ಲಿ ಒಂದೂ ಬೆಂಗಳೂರಿನ ಫ್ಲ್ಯಾಟಿನಲ್ಲಿ ಸಿಗುವಂತಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆಯವರೆಗೆ ಬೀಗ ಹಾಕಿದ ಮನೆ. ಆಸ್ಪತ್ರೆಯಲ್ಲಿ ನೋಡಿದ ಆ ಹೊನ್ನಿನ ಬಣ್ಣದ ನಾಯಿಯ ಊರೇ ಅದು. ಕಾರು, ಲಿಫ್ಟು, ಆಸ್ಪತ್ರೆ ಎಲ್ಲ ಅದರ ಬದುಕಿನ ಭಾಗ. ಕೀಮೋ ಅದಕ್ಕೆ ಒಗ್ಗಿತು. ಅದೇ ಕಾಯಿಲೆ, ಅದೇ ಔಷಧಿ ಇದ್ದರೂ ನಾಯಿ ಬೇರೆ, ಊರು ಬೇರೆ.

ಮೊಮ್ಮಗ ಒಪ್ಪಲಿಲ್ಲ. ಅತ್ತ. ಊಟ ಬಿಟ್ಟ. ನಾನು ಬಲವಂತ ಮಾಡಲಿಲ್ಲ. ಪ್ರೀತಿಯಿಂದ ಅಳುವ ಮಗುವಿನ ಮುಂದೆ ಲೆಕ್ಕ ಹೇಳಿ ಗೆದ್ದು ಆಗಬೇಕಾದ್ದೇನಿಲ್ಲ.

ಭಾನುವಾರ ಮಗ ಬೆಂಗಳೂರಿಗೆ ಹೊರಟ. ಮಗ ಹೊರಟಾಗಲೆಲ್ಲ ಕಾರಿನ ಹತ್ತಿರ ಬಂದು, ಬಾಲ ಆಡಿಸಿ, ಬೀದಿಯ ತುದಿಯವರೆಗೆ ಓಡಿ ಕಳಿಸಿಕೊಡುವುದು ಕರಿಯನ ಪದ್ಧತಿ. ಆ ದಿನ ಕಾರಿನ ಬಾಗಿಲು ತೆಗೆದ ಸದ್ದು ಕೇಳಿದ್ದೇ ಎದ್ದು ಹಿತ್ತಿಲಿಗೆ ಓಡಿ, ಸೌದೆ ಒಟ್ಟಿದ ಜಾಗದ ಹಿಂದೆ ಹೋಗಿ ಮಲಗಿಬಿಟ್ಟ. ಮೊಮ್ಮಗ ಕರೆದ, ಬರಲಿಲ್ಲ. ಬಿಸ್ಕತ್ತು ತೋರಿಸಿದ, ಬರಲಿಲ್ಲ. ಅಲ್ಲೇ ಅವನ ಪಕ್ಕ ಕೂತು, ಬಹಳ ಹೊತ್ತಾದ ಮೇಲೆ ಒಳಗೆ ಬಂದು, "ಬೇಡ ತಾತಾ, ಮಾತ್ರೆಯೇ ಕೊಡೋಣ" ಎಂದ.

ಹೆಬ್ಬಾಳದ ವೈದ್ಯರು ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರು. ಅಲಿಸ್ ವಿಲ್ಲಾಲೋಬೋಸ್ ಎಂಬ ಅಮೆರಿಕದ ಪಶುವೈದ್ಯೆ 2004ರಲ್ಲಿ ಮಾಡಿದ ಪಟ್ಟಿ. ನೋವಿಲ್ಲದಿರುವುದು, ಹಸಿವು, ನೀರಿನ ಅಂಶ, ಶುಚಿ, ಸಂತೋಷ, ಓಡಾಟ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು – ಹೀಗೆ ಏಳು ವಿಷಯಗಳು. ಪ್ರತಿಯೊಂದಕ್ಕೂ ಹತ್ತು ಅಂಕ, ಒಟ್ಟು 70. ಮೂವತ್ತೈದಕ್ಕಿಂತ ಮೇಲಿದ್ದರೆ ಬದುಕು ಸಹನೀಯ. ಶಾಲೆಯ ಅಂಕಪಟ್ಟಿಯ ಹಾಗೆ! ಮೊಮ್ಮಗ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಪಟ್ಟಿ ಮಾಡಿದ. ರಜೆ ಮುಗಿದು ಬೆಂಗಳೂರಿಗೆ ಹೋದ ಮೇಲೆ ಪ್ರತಿ ಸಂಜೆ ಫೋನು ಮಾಡುತ್ತಿದ್ದ. ಅವನಜ್ಜಿ ಅಂಕ ಹೇಳುತ್ತಿದ್ದಳು, ಅವನು ಬರೆದುಕೊಳ್ಳುತ್ತಿದ್ದ.

ಮಾತ್ರೆ ಶುರುವಾದ ವಾರದಲ್ಲೇ ಗಂಟುಗಳು ಇಳಿದವು. ಅಂಕ 60 ದಾಟಿತು. ಕರಿಯ ಒಂದರ ಜೊತೆ ಇನ್ನರ್ಧ ಮುದ್ದೆ ಕೇಳತೊಡಗಿದ. ರಾತ್ರಿ ಎರಡು ಸಲ ಎದ್ದು ಬಾಗಿಲು ತೆಗೆಯುವ ಕೆಲಸ ನನ್ನದಾಯಿತು. ದೀಪಾವಳಿಯ ಪಟಾಕಿಗೆ ಹೆದರಿ ಮಂಚದ ಕೆಳಗೆ ಸೇರಿಕೊಂಡ. ಪ್ರತಿ ವರ್ಷವೂ ಹಾಗೇ ಮಾಡುತ್ತಿದ್ದನಾದ್ದರಿಂದ ಅಜ್ಜಿ ಅಂಕ ಕಳೆಯಲಿಲ್ಲ.

ಡಿಸೆಂಬರ್ ಕೊನೆಗೆ ಗಂಟುಗಳು ಮತ್ತೆ ಎದ್ದವು. ಅಂಕ 45, ಆಮೇಲೆ 40. ಹಾಲಿನವನ ಬೈಕು ಬಂದರೆ ತಲೆ ಎತ್ತಿ ನೋಡುತ್ತಿದ್ದ, ಬೊಗಳುತ್ತಿರಲಿಲ್ಲ. ಜನವರಿಯಲ್ಲಿ ಮೂರು ದಿನ ಮುದ್ದೆ ಮುಟ್ಟಲಿಲ್ಲ, ಅಂಕ 30ಕ್ಕಿಂತ ಕೆಳಗೆ ಬಂತು. ಊರಿನ ವೈದ್ಯರಿಗೆ ಹೇಳಿದೆವು. ಮಗ, ಮೊಮ್ಮಗ ಬಂದರು. ಸಂಕ್ರಾಂತಿಗೆ ಐದು ದಿನವಿರುವಾಗ, ಹೊಂಗೆ ಮರದ ಬುಡದ ಬಿಸಿಲಿನಲ್ಲಿ ಕರಿಯ ಮಲಗಿದ್ದಾಗಲೇ ವೈದ್ಯರು ಬಂದು, ಮೊದಲು ನಿದ್ದೆಯ ಇಂಜೆಕ್ಷನ್ ಕೊಟ್ಟು, ಅದು ಪೂರ್ತಿ ಹತ್ತಿದ ಮೇಲೆ ಎರಡನೆಯದನ್ನು ಕೊಟ್ಟರು. ಅವನ ತಲೆ ಮೊಮ್ಮಗನ ತೊಡೆಯ ಮೇಲಿತ್ತು. ಹುಡುಗನನ್ನು ಒಳಗೆ ಕಳಿಸೋಣವೇ ಎಂದು ಕೇಳಿದ್ದೆ. "ನಾನೇ ಅಂಕ ಹಾಕಿದ್ದು, ನಾನು ಇರ್ತೀನಿ" ಎಂದಿದ್ದ.

ಕೀಮೋ ಕೊಡಿಸಿದ್ದರೆ ಕರಿಯ ಇನ್ನೂ ಎಷ್ಟೋ ತಿಂಗಳು ಇರುತ್ತಿದ್ದನೇನೋ. ಆ ಮಾತನ್ನು ನಾವು ಮನೆಯಲ್ಲಿ ಮುಚ್ಚಿಟ್ಟಿಲ್ಲ. ಮೂರು ತಿಂಗಳು ಸಿಕ್ಕಿತು, ಅದರಲ್ಲಿ ಬಹುಪಾಲು ದಿನ ಅವನು ತನ್ನ ಊರಿನಲ್ಲಿ ತನ್ನ ಐದು ಕೆಲಸಗಳನ್ನೂ ಮಾಡಿದ. ಆ ನೋಟ್‌ಬುಕ್ಕು ಈಗಲೂ ಮೊಮ್ಮಗನ ಹತ್ತಿರ ಇದೆ.

ಮಕ್ಕಳೇ, ನಿಮ್ಮ ಮನೆಯ ನಾಯಿಗೆ ಕಾಯಿಲೆಯಾದರೆ ದೊಡ್ಡವರ ಜೊತೆ ನೀವೂ ವೈದ್ಯರ ಹತ್ತಿರ ಹೋಗಿ. ಈ ಚಿಕಿತ್ಸೆಯಿಂದ ಕಾಯಿಲೆ ಹೋಗುತ್ತದೆಯೋ, ದಿನ ಹೆಚ್ಚುತ್ತದೆಯೋ? ಎಷ್ಟು ಸಲ ಬರಬೇಕು? ನೋವಾಗುತ್ತದೆಯೇ? ಬೇಡವೆಂದರೆ ಏನಾಗುತ್ತದೆ? ಹೀಗೆ ಕೇಳಿ. ವೈದ್ಯರು ಬೇಸರಪಡುವುದಿಲ್ಲ. ನಾವು ನುಂಗುವ ನೋವಿನ ಮಾತ್ರೆಗಳನ್ನು ನಾಯಿಗೆ ಎಂದೂ ಕೊಡಬೇಡಿ. ಅಜ್ಜ ಅಜ್ಜಿಯರಿಗೆ ನನ್ನದೊಂದು ಮಾತು: ಇಂಥ ತೀರ್ಮಾನವನ್ನು ಮಕ್ಕಳಿಗೆ ತಿಳಿಯದ ಹಾಗೆ ಮಾಡಿ ಮುಗಿಸಬೇಡಿ. ಕಣ್ಣೀರು ಬರುತ್ತದೆ, ಬರಲಿ. ಬೆಂಗಳೂರಿಗೆ ಹೋದಾಗ ಆತಕೂರಿನ ಕಲ್ಲನ್ನೂ ತೋರಿಸಿ.

ಮನೆಯಲ್ಲಿ ನಾಯಿ ಇದ್ದರೆ ಇವತ್ತು ಸಂಜೆಯೇ ಅದರ ಗದ್ದದ ಕೆಳಗೆ, ಹೆಗಲ ಮುಂದೆ, ಮೊಣಕಾಲ ಹಿಂದೆ ಒಮ್ಮೆ ಕೈಯಾಡಿಸಿ ನೋಡಿ. ಗಂಟು ಸಿಗದಿದ್ದರೆ ನಿಮಗೆ ಸಂತೋಷ. ಕೈಯಾಡಿಸಿದ್ದಕ್ಕೆ ನಾಯಿಗೂ ಸಂತೋಷ.